ತಿರುಗಿ ಬಂದ ಪೀಸು

ನಮ್ಮ ಕಂಪ್ಯೂಟರನ್ನು ಮುಟ್ಟುವ ಮೊದಲು ಅಕ್ಕ ತಲೆಗೆ ಬಟ್ಟೆ ಕಟ್ಟಿಕೊಂಡರು. ಚಪ್ಪಲಿಯನ್ನು ಮೆಟ್ಟಿಲ ಬಳಿಯೇ ಬಿಟ್ಟು ಬಂದಿದ್ದರು. ಬಳೆಗಳನ್ನು ಮೇಲಕ್ಕೆ ಸರಿಸಿ, ಕೆಳಗೆ ಜಾರದಂತೆ ಒಂದೊಂದು ರಬ್ಬರ್ ಬ್ಯಾಂಡು ಹಾಕಿದರು. ಆಮೇಲೆ ನಮ್ಮ ಕಡೆ ತಿರುಗಿ, "ನೀವಿಬ್ರೂ ಅತ್ಲಾಗ್ ನಿಂತ್ಕಳಿ. ಇದ್ರ ಮೇಲೆ ಉಸ್ರು ಬುಡ್ಬೇಡಿ" ಎಂದರು.

ಮಂಜ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಆ ಡಬ್ಬದ ಪಕ್ಕದ ಮುಚ್ಚಳ ತೆಗೆದು ಆರು ತಿಂಗಳಾಗಿತ್ತು. ಹಾಗೆ ತೆರೆದಿಟ್ಟರೆ ಒಳಗೆ ಗಾಳಿಯಾಡುತ್ತದೆ ಎಂದು ಯಾರೋ ಹೇಳಿದ್ದರು. ಅದರ ಮೇಲೆ ತಟ್ಟೆ ಇಟ್ಟುಕೊಂಡು ನಾವು ಕಳ್ಳೆಪುರಿ ತಿಂದಿದ್ದೆವು, ಒದ್ದೆ ಟವಲು ಒಣಗಿಸಿದ್ದೆವು. ಅಂಥದ್ದರ ಮುಂದೆ ಒಬ್ಬ ಹೆಂಗಸು ಆಪರೇಷನ್ನಿಗೆ ನಿಂತ ಡಾಕ್ಟರಂತೆ ನಿಂತದ್ದು ನೋಡಿ ನಗು ಬಂತು. ಆದರೆ ನಗಲಿಲ್ಲ. ಅವರು ಮನೆಯ ಓನರು.

ಅಕ್ಕ ತೀರಿಕೊಂಡು ಈಗ ನಾಲ್ಕು ತಿಂಗಳು. ಅವರ ಜೀವನಚರಿತ್ರೆ ಬರೆಯುವಷ್ಟು ನನಗೆ ಗೊತ್ತಿಲ್ಲ. ಅವರ ಮನೆಯ ಮೇಲಿನ ರೂಮಿನಲ್ಲಿ ಮೂರು ವರ್ಷ ಬಾಡಿಗೆಗಿದ್ದೆ, ಅಷ್ಟೇ. ಅವರ ಮದುವೆ ಹೇಗಾಯಿತು, ಮಕ್ಕಳು ಯಾಕಾಗಲಿಲ್ಲ, ಇದನ್ನೆಲ್ಲ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆದರೆ ಒಂದು ಗ್ರಾಫಿಕ್ಸ್ ಕಾರ್ಡಿನ ದೆಸೆಯಿಂದ ಅವರ ಕೈ ಎಂಥದ್ದು ಎಂಬುದು ನನಗೆ ಗೊತ್ತಾಯಿತು. ಆ ಕೈಗೆ ನಾನು ಮಾಡಿದ ಅನ್ಯಾಯವೂ ಗೊತ್ತು. ಬರೆಯದೆ ಇದ್ದರೆ ಅದು ಇನ್ನಷ್ಟು ದಿನ ಕೊರೆಯುತ್ತದೆ ಎಂದು ಬರೆಯಲು ಕೂತಿದ್ದೇನೆ.

ಹೊಸೂರಿನ ಪಕ್ಕದ ಮೂಕಂಡಪಲ್ಲಿಯಲ್ಲಿ, ಕಾರ್ಖಾನೆಗಳ ಸೈರನ್ನು ಕೇಳಿಸುವಷ್ಟು ಹತ್ತಿರದಲ್ಲಿ, ಕೆಳಗೆರಡು ಕೋಣೆ ಮೇಲೊಂದು ಕೋಣೆಯ ಮನೆ. ಕೆಳಗೆ ಅಕ್ಕ, ಅವರ ಯಜಮಾನರು. ಅಕ್ಕನ ಗಂಡನಾದ ಮೇಲೆ ಭಾವನೇ ಅಲ್ಲವೇ, ಹಾಗೇ ಕರೆಯುತ್ತಿದ್ದೆವು. ಭಾವ ಒಂದು ಕಾರ್ಖಾನೆಯ ಗೇಟಿನಲ್ಲಿ ರಾತ್ರಿ ಪಾಳಿಯ ಸೆಕ್ಯುರಿಟಿ. ಹಗಲು ಮಲಗುವವರು. ಮೇಲೆ ನಾನು ಮತ್ತು ಮಂಜ. ಮಂಜ ಕೋಲಾರದವನು, ನಾನು ಮಾಗಡಿ ಕಡೆಯವನು. ಇಬ್ಬರೂ ಒಂದೇ ಕಾರ್ಖಾನೆ, ಅವನು ಸ್ಟೋರಿನಲ್ಲಿ, ನಾನು ಚೆಕಿಂಗಿನಲ್ಲಿ. ಬಂದ ಮಾಲನ್ನು ಅಳೆದು ನೋಡಿ ಸರಿಯಿದ್ದರೆ ಸೈನ್ ಹಾಕುವುದು, ಇಲ್ಲದಿದ್ದರೆ ಕೆಂಪು ಬಣ್ಣ ಬಳಿದು ವಾಪಸು ಕಳಿಸುವುದು ನನ್ನ ಕೆಲಸ. ಈ ವಿಷಯ ಮುಂದೆ ಬರುತ್ತದೆ.

ಅಕ್ಕನ ತವರು ಗುಮ್ಮಳಾಪುರದ ಕಡೆ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿದವರು. ಹಾಲಿನವನ ಹತ್ತಿರ ತಮಿಳು, ಎದುರು ಮನೆಯವರ ಹತ್ತಿರ ತೆಲುಗು, ನಮ್ಮ ಹತ್ತಿರ ಕನ್ನಡ. ಬೈಯುವಾಗ ಮಾತ್ರ ಭೇದವಿಲ್ಲ, ಮೂರೂ ಒಟ್ಟಿಗೇ ಬರುತ್ತಿದ್ದವು. ಕೈಗಡಿಯಾರದ ಒಳಭಾಗಗಳನ್ನು ಜೋಡಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ಇಪ್ಪತ್ತೊಂದು ವರ್ಷ ದುಡಿದಿದ್ದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಸ್ಕ್ರೂ ಹಿಡಿದು ಕೂರಿಸುವ ಕೆಲಸ. ಆಮೇಲೆ ಜೋಡಿಸುವುದಕ್ಕೆ ಮೆಷಿನ್ ಬಂತು. ಅಕ್ಕನನ್ನು ಪ್ಯಾಕಿಂಗಿಗೆ ಹಾಕಿದರು. ಆರು ತಿಂಗಳು ರಟ್ಟಿನ ಡಬ್ಬಿ ಮಡಿಸಿದರು, ಏಳನೆಯ ತಿಂಗಳು ಬಿಟ್ಟು ಮನೆಗೆ ಬಂದರು. ತಮ್ಮ ಸ್ವಂತದ ಭೂತಗನ್ನಡಿ, ಎರಡು ಚಿಮಟ, ಎಣ್ಣೆ ಹಾಕುವ ಸೂಜಿ, ಇಷ್ಟನ್ನು ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿ ಬೀರುವಿನ ಮೇಲಿಟ್ಟರಂತೆ. ನಾವು ಬಾಡಿಗೆಗೆ ಬರುವ ಹೊತ್ತಿಗೆ ಡಬ್ಬಿ ಅಲ್ಲಿ ಕೂತು ಎರಡು ವರ್ಷವಾಗಿತ್ತು.

"ಕೈ ಸತ್ತೋಯ್ತು ಕಣ್ಲಾ" ಎನ್ನುತ್ತಿದ್ದರು. ಕಾಫಿ ಲೋಟ ಜಾರಿದರೂ ಅದೇ ಮಾತು, ಸೂಜಿಗೆ ದಾರ ಮೊದಲ ಸಲಕ್ಕೆ ಹೋಗದಿದ್ದರೂ ಅದೇ ಮಾತು. ನಮ್ಮ ಕಣ್ಣಿಗೆ ಆ ಕೈ ಸತ್ತಂತೇನೂ ಕಾಣುತ್ತಿರಲಿಲ್ಲ. ಅಕ್ಕಿ ಆರಿಸುವಾಗ ಕಲ್ಲನ್ನು ಎರಡೇ ಬೆರಳಿನಲ್ಲಿ ಎತ್ತಿ, ಎಸೆಯದೆ, ಪಕ್ಕದ ತಟ್ಟೆಯಲ್ಲಿ ಸಾಲಾಗಿ ಇಡುತ್ತಿದ್ದರು. ಯಾವ ವಸ್ತುವನ್ನಾದರೂ ಕೆಳಗಿಡುವ ಮೊದಲು ಇಡುವ ಜಾಗವನ್ನು ನೋಡಿಯೇ ಇಡುವವರು. ಪಟಪಟನೆ ಮಾತಾಡುತ್ತ ಕೈ ಬೀಸುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ನಾನು ಕೈ ಬೀಸಿ ಮಾತಾಡುವವನು. "ಕೈನ ಜೋಬ್ನಾಗ್ ಇಕ್ಕಂಡ್ ಮಾತಾಡ್ಲಾ" ಎಂದು ಎಷ್ಟು ಸಲ ಹೇಳಿದ್ದಾರೋ.

ಕಂಪ್ಯೂಟರಿನ ಕಥೆ ಎರಡು ಸಾವಿರದ ಆರೋ ಏಳೋ ಇರಬೇಕು. ನಾನೂ ಮಂಜನೂ ಕೂಡಿ ಕೊಂಡದ್ದು. ಅದರಲ್ಲಿ ಆಟ ಚೆನ್ನಾಗಿ ಓಡಲಿ ಎಂದು ಬೆಂಗಳೂರಿನಿಂದ ಹಳೆಯದೊಂದು ಗ್ರಾಫಿಕ್ಸ್ ಕಾರ್ಡು ತಂದು ಹಾಕಿದ್ದೆವು. ಆಟ ಶುರುವಾಗಿ ಐದು ನಿಮಿಷಕ್ಕೆ ಕಾರ್ಡಿನ ಮೇಲಿನ ಪುಟ್ಟ ಫ್ಯಾನು ನರಳುವುದಕ್ಕೆ ಶುರು. ಹತ್ತು ನಿಮಿಷಕ್ಕೆ ಕಿರುಚಾಟ. ಅರ್ಧ ಗಂಟೆಯಾದರೆ ಇಡೀ ಡಬ್ಬ ಇಡ್ಲಿ ಪಾತ್ರೆಯಂತೆ ಬಿಸಿಯಾಗಿ, ಪರದೆಯ ಮೇಲಿನ ಚಿತ್ರ ನಿಂತಲ್ಲೇ ನಿಂತುಬಿಡುವುದು. ಮಂಜ ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿಟ್ಟ. ನಾವು ಬೆವರುತ್ತಿದ್ದೆವು, ಕಂಪ್ಯೂಟರು ಗಾಳಿ ಕುಡಿಯುತ್ತಿತ್ತು. ಕೆಳಗೆ ನಾಲ್ಕು ಇಟ್ಟಿಗೆ ಕೊಟ್ಟು ಎತ್ತರಿಸಿದೆವು. ಸದ್ದು ಕಡಿಮೆಯಾಗಲಿ ಎಂದು ಒಂದು ದಿನ ಮೇಲೆ ಕಂಬಳಿ ಹೊದಿಸಿದ ಮಹಾನುಭಾವ ನಾನೇ. ಬಿಸಿಯಾಗುವ ವಸ್ತುವಿಗೆ ಕಂಬಳಿ ಹೊದಿಸಿದವನಿಗೆ ಕಾರ್ಖಾನೆಯಲ್ಲಿ ಸೈನ್ ಹಾಕುವ ಅಧಿಕಾರ ಕೊಟ್ಟಿದ್ದರು.

ಒಂದು ಭಾನುವಾರ ಮಧ್ಯಾಹ್ನ ಅಕ್ಕ ದಡದಡನೆ ಮೆಟ್ಟಿಲು ಹತ್ತಿ ಬಂದರು.

"ಏನ್ಲಾ ಅದು? ನಾನ್ ರೂಮು ಬಾಡ್ಗೆ ಕೊಟ್ಟಿದ್ದು ಇಬ್ರು ಮನುಷ್ರಿಗೋ ರೈಸ್ ಮಿಲ್ಲಿಗೋ? ಸಾನಮಾವು ಕಾಡ್ನಾಗೆ ಆನೆ ಓಡ್ಸೋರೂ ಇಷ್ಟು ಸದ್ದು ಮಾಡಲ್ಲ. ಅವ್ರು ನೈಟ್ ಡ್ಯೂಟಿ ಮುಗ್ಸಿ ಮಲಗವ್ರೆ."

"ಫ್ಯಾನು ಅಕ್ಕಾ. ಬಿಸಿ ಆದ್ರೆ ಹಿಂಗೇ. ಇನ್ನ ಆಫ್ ಮಾಡ್ತೀವಿ ಬುಡಿ" ಎಂದೆ.

"ಇರು, ಆಫ್ ಮಾಡ್ಬೇಡ" ಎಂದರು. ಬೈಯುವುದಕ್ಕೆ ಬಂದವರು ನೆಲದ ಮೇಲೆ ಕೂತು, ಕಿವಿಯನ್ನು ಡಬ್ಬದ ಹತ್ತಿರ ತಂದು, ಕಣ್ಣು ಮುಚ್ಚಿದರು. ಬೆರಳಿನಲ್ಲಿ ಮೊಣಕಾಲಿನ ಮೇಲೆ ತಾಳ ಹಾಕಿದರು. "ಒಂದೇ ಸಮಕ್ಕಿಲ್ಲ ನೋಡು. ಒಂದ್ ಸುತ್ತಿಗೆ ಒಂದ್ಸಲ ಉಜ್ತೈತೆ. ಇದು ಬಿಸಿ ಸದ್ದಲ್ಲ ಕಣ್ಲಾ, ಎಣ್ಣೆ ಒಣಗಿರೋ ಸದ್ದು. ಬತ್ತೀನಿ ಇರು."

ಕೆಳಗೆ ಹೋದರು. ಬೀರುವಿನ ಮೇಲಿಂದ ಏನೋ ಎಳೆದ ಸದ್ದಾಯಿತು. ಬಿಸ್ಕತ್ತಿನ ಡಬ್ಬಿ ಹಿಡಿದು ಬಂದರು. ತಲೆಗೆ ಬಟ್ಟೆ ಕಟ್ಟಿಕೊಂಡದ್ದು ಆಗ.

ಕಾರ್ಡನ್ನು ಹೊರಗೆ ತೆಗೆದು ಬಿಳಿ ಪಂಚೆಯ ತುಂಡಿನ ಮೇಲಿಟ್ಟರು. ಫ್ಯಾನಿನ ನಡುವೆ ಇದ್ದ ದುಂಡನೆಯ ಸ್ಟಿಕ್ಕರಿನ ಅಂಚನ್ನು ಚಿಮಟದಿಂದ ಹಿಡಿದು, ಹರಿಯದಂತೆ ಬಿಡಿಸಿದರು. ಧೂಳನ್ನು ಬ್ರಷ್ಷಿನಲ್ಲಿ ತೆಗೆದರು. ಸೂಜಿಯ ತುದಿಗೆ ಕಾಣಿಸಿಯೂ ಕಾಣಿಸದಷ್ಟು ಎಣ್ಣೆ ತಗೊಂಡರು. ಕೈ ಫ್ಯಾನಿನ ಮೇಲೆ ಬಂದು ನಿಂತಿತು. ನಡುಗುತ್ತಿತ್ತು. ನಮಗೂ ಕಾಣಿಸಿತು. ಅಕ್ಕ ಕೈ ವಾಪಸು ತೆಗೆದರು. ಆಮೇಲೆ ಉಸಿರನ್ನು ಪೂರ್ತಿ ಹೊರಗೆ ಬಿಟ್ಟರು. ಬಿಟ್ಟಾದ ಮೇಲೆ, ಮತ್ತೆ ಒಳಗೆ ತಗೊಳ್ಳುವ ಮೊದಲು, ಕೈ ಕಲ್ಲಿನಂತೆ ನಿಂತಿತು. ಎಣ್ಣೆ ಇಳಿಯಿತು.

"ಉಸ್ರು ಬುಟ್ಟಾದ್ಮೇಲೆ ಒಂಚೂರು ಜಾಗ ಇರ್ತೈತೆ. ಅವಾಗ ಇಡ್ಬೇಕು" ಎಂದರು, ನಮಗೆ ಹೇಳಿದರೋ ಕೈಗೆ ಹೇಳಿದರೋ.

ಸ್ಕ್ರೂಗಳನ್ನು ಹಾಕಿ ಬಿಗಿ ಮಾಡಿದ ಮೇಲೂ ಅವರಿಗೆ ಸಮಾಧಾನವಿಲ್ಲ. ನಾಲ್ಕೂ ಸ್ಕ್ರೂಗಳ ತಲೆಯ ಮೇಲಿನ ಗೀರು ಒಂದೇ ದಿಕ್ಕಿಗೆ ಬರುವಂತೆ ಕೂದಲೆಳೆಯಷ್ಟು ತಿರುಗಿಸಿದರು. ಯಾಕೆ ಎಂದು ಮಂಜ ಕೇಳಿದ. "ಬಿಚ್ಚಿದ್ದು ಯಾರು ಅಂತ ನಾಳೆ ಗೊತ್ತಾಗ್ಬೇಕಲ್ಲ" ಎಂದರು. ಅವರ ಕಾರ್ಖಾನೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಟೋಕನ್ ನಂಬರು. ಅಕ್ಕನದು ಮುನ್ನೂರ ಹನ್ನೆರಡು. ಮಾಡಿದ ಕೆಲಸದ ಜೊತೆ ಆ ನಂಬರಿನ ಚೀಟಿ ಹೋಗಬೇಕು. ಪೀಸು ಕೆಟ್ಟು ತಿರುಗಿ ಬಂದರೆ ಅದನ್ನು ಬೇರೆಯವರು ಮುಟ್ಟುವ ಹಾಗಿಲ್ಲ, ಮಾಡಿದವಳ ಟೇಬಲ್ಲಿಗೇ ಬರಬೇಕು. ಅವಳೇ ಬಿಚ್ಚಿ, ಅವಳೇ ಸರಿಮಾಡಿ, ದೋಷವೇನು ಕಾರಣವೇನು ಎಂದು ಚೀಟಿಯಲ್ಲಿ ಬರೆಯಬೇಕು. "ನಂದು ವರ್ಷಕ್ಕೆ ಒಂದೋ ಎರಡೋ ಬತ್ತಿತ್ತು ಅಷ್ಟೇಯ" ಎಂದು ಹೇಳುವಾಗ ಅವರ ದನಿಯಲ್ಲಿ ಜಂಬವಿತ್ತು. ಇರಲಿ, ಜಂಬಪಡುವಂಥದ್ದೇ.

ಕಂಪ್ಯೂಟರ್ ಹಾಕಿದೆವು. ಫ್ಯಾನು ಸುತ್ತುತ್ತಿದೆಯೇ ಎಂದು ಬಗ್ಗಿ ನೋಡಬೇಕಾಯಿತು.

ಆಟವನ್ನು ಹಾಕಿ ಪರೀಕ್ಷೆ ಮಾಡುವಾಗ ಅಕ್ಕ ನೋಡುತ್ತ ಕೂತರು. ದೂರದ ಮಾಳಿಗೆಯ ಮೇಲೆ ಮಲಗಿ ಬಂದೂಕಿನಿಂದ ಗುರಿಯಿಟ್ಟು ಹೊಡೆಯುವ ಆಟ. ಮಂಜ ಐದು ಗುಂಡು ಹೊಡೆದು ನಾಲ್ಕು ತಪ್ಪಿಸಿದ. "ಆ ಇಲಿ ಇತ್ಲಾಗ್ ಕೊಡು" ಎಂದು ಮೌಸ್ ಕಸಿದುಕೊಂಡರು. ಆದರೆ ಪರದೆಯ ಮೇಲೆ ಒಬ್ಬ ಸೈನಿಕ ಬಂದದ್ದೇ ಕೈ ತೆಗೆದುಬಿಟ್ಟರು. "ಥೂ, ಮನುಷ್ರನ್ನ ಹೊಡ್ಯಲ್ಲಪ್ಪ ನಾನು. ಬಾಟ್ಲಿ ಗೀಟ್ಲಿ ಇದ್ರೆ ತೋರ್ಸು." ಅಭ್ಯಾಸಕ್ಕೆಂದು ಗೋಡೆಯ ಮೇಲೆ ಬಾಟಲಿ ಸಾಲಿಟ್ಟ ಒಂದು ಮೈದಾನ ಆ ಆಟದಲ್ಲಿತ್ತು. ಅದನ್ನು ಹಾಕಿಕೊಟ್ಟೆ. ಅಕ್ಕ ಉಸಿರು ಬಿಟ್ಟರು, ಗುಂಡಿ ಒತ್ತಿದರು. ಬಾಟಲಿ ಒಡೆಯಿತು. ಮತ್ತೆ ಉಸಿರು ಬಿಟ್ಟರು. ಮತ್ತೊಂದು. ಹತ್ತಕ್ಕೆ ಹತ್ತು. ನಾವು ಒಂದು ವರ್ಷ ಆಡಿದ್ದರೂ ಏಳರ ಮೇಲೆ ಹೋಗಿರಲಿಲ್ಲ.

ಅಲ್ಲಿಂದಾಚೆ ಪ್ರತಿ ಭಾನುವಾರ ಅಡುಗೆ ಮುಗಿಸಿ ಅಕ್ಕ ಮೇಲೆ ಬರುವುದು, ಐವತ್ತು ಬಾಟಲಿ ಒಡೆಯುವುದು, ನಮ್ಮನ್ನು ಹೀಯಾಳಿಸಿ ಕೆಳಗೆ ಹೋಗುವುದು ರೂಢಿಯಾಯಿತು. ಕೈ ಸತ್ತಿತು ಎನ್ನುವ ಮಾತು ನಿಂತಿತ್ತು. ಪಕ್ಕದ ಮನೆ ಮಗುವಿನ ಅಂಗಾಲಿಗೆ ಚುಚ್ಚಿದ್ದ ಮುಳ್ಳನ್ನು ಚಿಮಟದಲ್ಲಿ ತೆಗೆದರು. ಭಾವನ ಕನ್ನಡಕದ ಸಡಿಲ ಸ್ಕ್ರೂ ಬಿಗಿ ಮಾಡಿದರು. ಡಬ್ಬಿ ಬೀರುವಿನ ಮೇಲಿಂದ ಇಳಿದು ಟಿವಿಯ ಪಕ್ಕಕ್ಕೆ ಬಂದಿತ್ತು.

ಬೇಸಿಗೆ ಬಂತು. ಸದ್ದೇನೋ ಹೋಗಿತ್ತು, ಬಿಸಿ ಹೋಗಿರಲಿಲ್ಲ. ಒಂದು ಭಾನುವಾರ ಅರ್ಧ ಗಂಟೆಗೆ ಪರದೆ ನಿಂತಿತು, ಅಕ್ಕನ ಮೂವತ್ತೆಂಟನೆಯ ಬಾಟಲಿ ಒಡೆಯದೆ ಉಳಿಯಿತು. "ಪೂರ್ತಿ ಬಿಚ್ಚಿ ನೋಡಾನ" ಎಂದರು. ನಮಗೂ ಅವರ ಕೈಯ ಮೇಲೆ ಅಷ್ಟು ನಂಬಿಕೆ. ಫ್ಯಾನಿನ ಕೆಳಗೆ ಅಲ್ಯೂಮಿನಿಯಂ ರೆಕ್ಕೆಗಳ ಒಂದು ಗಟ್ಟಿ ಇತ್ತು, ಅದನ್ನು ಎತ್ತಿದರು. ಅದಕ್ಕೂ ಕೆಳಗೆ ಕಾರ್ಡಿನಲ್ಲಿದ್ದ ಚಿಪ್‌ಗೂ ನಡುವೆ ಬೂದು ಬಣ್ಣದ, ಒಣಗಿದ ಸುಣ್ಣದಂಥ ಒಂದು ಪದರ.

"ಅಯ್ಯ, ಇದೇನ್ಲಾ ಇಷ್ಟು ಗಲೀಜು! ಅದ್ಕೇ ಬಿಸಿ ಆಗ್ತೈತೆ."

ಗಡಿಯಾರದೊಳಗೆ ಬೆರಳಿನ ಗುರುತು ಬಿದ್ದರೂ ತಿರಸ್ಕರಿಸುವ ಜಾಗದಿಂದ ಬಂದವರು. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ, ಅರ್ಧ ಗಂಟೆ ಕೂತು, ಎರಡೂ ಕಡೆ ಕನ್ನಡಿಯಾಗುವವರೆಗೆ ಒರೆಸಿದರು. ಭೂತಗನ್ನಡಿಯಲ್ಲಿ ನೋಡಿ ಮತ್ತೊಮ್ಮೆ ಒರೆಸಿದರು. ನಾನು ಚೆಕಿಂಗಿನವನು, ಪಕ್ಕದಲ್ಲೇ ಕೂತು ಭೇಷ್ ಎನ್ನುತ್ತಿದ್ದೆ. ಹೊಳೆಯುವ ಎರಡನ್ನೂ ಕೂಡಿಸಿ, ಸ್ಕ್ರೂ ಹಾಕಿ, ಗೀರುಗಳನ್ನು ಒಂದೇ ದಿಕ್ಕಿಗೆ ತಿರುಗಿಸಿದರು.

ಮೂರು ನಿಮಿಷ. ಪರದೆಯ ತುಂಬ ಬಣ್ಣಬಣ್ಣದ ಗೆರೆಗಳು ಬಂದವು, ಎಲ್ಲ ನಿಂತುಹೋಯಿತು. ಮತ್ತೆ ಹಾಕಿದೆವು. ಮತ್ತೆ ಗೆರೆ. ಅಕ್ಕ ತಮ್ಮ ಬಲಗೈಯನ್ನು ನೋಡಿಕೊಂಡರು.

ಮಾರನೆಯ ದಿನ ಕಾರ್ಡನ್ನು ಹೊಸೂರಿನ ಒಂದು ಕಂಪ್ಯೂಟರ್ ಅಂಗಡಿಗೆ ಒಯ್ದು ಕೇಳಿದೆ. ಅಂಗಡಿಯವನು ನಕ್ಕ. ಚಿಪ್‌ನ ಬಿಸಿಯನ್ನು ಅಲ್ಯೂಮಿನಿಯಮ್ಮಿಗೆ ದಾಟಿಸುವುದೇ ಆ ಬೂದು ಪೇಸ್ಟು, ಒಣಗಿದ್ದರೆ ತೆಗೆದು ಹೊಸದು ಹಚ್ಚಬೇಕೇ ಹೊರತು ಒರೆಸಿ ಹಾಗೇ ಮುಚ್ಚಬಾರದು, ಮುಚ್ಚಿದರೆ ಸುಟ್ಟುಹೋಗುತ್ತದೆ ಎಂದ. ಕಾರ್ಡಿನ ಆಸೆ ಬಿಡಿ ಎಂದೂ ಹೇಳಿದ. ಅವನು ಅದನ್ನು ಹಾಕಿ ನೋಡಲಿಲ್ಲ, ನಾನೂ ಹಾಕಿ ನೋಡು ಎನ್ನಲಿಲ್ಲ. ಬೇರೊಂದು ಕಾರ್ಡು ಕೊಂಡೆ. ಹಳೆಯದನ್ನು ಬರುವ ದಾರಿಯಲ್ಲಿ ಗುಜರಿ ಅಂಗಡಿಗೆ ಹಾಕಿದೆ.

ಅಕ್ಕ ಗೇಟಿನಲ್ಲೇ ನಿಂತಿದ್ದರು. "ಏನಂದ್ರು?"

ಅವರ ಮುಖ ನೋಡಿದೆ. ನಿಮ್ಮಿಂದಲೇ ಸುಟ್ಟಿತು ಎನ್ನುವುದಕ್ಕೆ ಮನಸ್ಸು ಬರಲಿಲ್ಲ. "ಅದು ಮೊದ್ಲೇ ಹೋಗಿತ್ತಂತೆ ಅಕ್ಕಾ. ಹಳೇದಲ್ವಾ. ನಿಮ್ದೇನೂ ಇಲ್ಲ" ಎಂದೆ.

"ನಿಜ್ವಾ?"

"ಹೂಂ ಅಕ್ಕಾ."

ಅವರು ಗೇಟು ಹಾಕಿ ಒಳಗೆ ಹೋದರು. ದೊಡ್ಡ ಮನಸ್ಸಿನ ಕೆಲಸ ಮಾಡಿದೆನೆಂದು ನಾನು ಎದೆಯುಬ್ಬಿಸಿಕೊಂಡು ಮೇಲೆ ಹೋದೆ.

ಆ ಭಾನುವಾರ ಅಕ್ಕ ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ಹೊಸ ಕಾರ್ಡು ಬಂದಿದೆ, ಬಾಟಲಿ ಕಾಯುತ್ತಿವೆ ಎಂದು ಮಂಜ ಕರೆದರೆ "ಸೊಂಟ ನೋವು ಕಣಪ್ಪ" ಎಂದರು. ಮೂರು ವಾರ ಕಳೆದ ಮೇಲೆ ಭಾವ ನನ್ನನ್ನು ನಲ್ಲಿಯ ಹತ್ತಿರ ನಿಲ್ಲಿಸಿದರು. ಅವರದು ಮಾತು ಕಡಿಮೆ. ಅಷ್ಟು ಉದ್ದ ಮಾತಾಡಿದ್ದು ನಾನು ಕೇಳಿದ್ದು ಅದೊಂದೇ ಸಲ.

"ಅವ್ಳಿಗೆ ಏನಂದ್ಯಪ್ಪಾ ನೀನು? ಮಲ್ಲೆ ಮೊಗ್ಗು ತಂದ್ಕೊಟ್ರೆ ಕಟ್ತಿಲ್ಲ, ಅಂಗೇ ಒಣಗ್ತಾವೆ. ಕೈ ಕೆಟ್ಟೈತೆ, ಮುಟ್ಟಿದ್ದೆಲ್ಲಾ ಮುರೀತೈತೆ ಅಂತಾಳೆ. ಮೊನ್ನೆ ನನ್ನ ಕನ್ನಡ್ಕದ ಸ್ಕ್ರೂ ಬಿದ್ದೋಯ್ತು. ಅಂಗ್ಡಿಗೆ ತಗೊಂಡೋಗಿ ಅಂದ್ಬುಟ್ಳು. ಅಂಗ್ಡಿಗೆ! ಡಬ್ಬಿ ತಿರ್ಗಾ ಬೀರು ಮೇಲಿಕ್ಕವ್ಳೆ."

ನನಗೆ ಆ ನಲ್ಲಿಯ ಹತ್ತಿರ ನಿಂತಲ್ಲೇ ತಿಳಿಯಿತು. ನಾನು ಹೇಳಿದ್ದನ್ನು ಅವರು ನಂಬಿಯೇ ಇರಲಿಲ್ಲ. ನಂಬದೆ, ನಿಜವೂ ಗೊತ್ತಿಲ್ಲದೆ, ಉಳಿದದ್ದು ಒಂದೇ ಎಂದುಕೊಂಡಿದ್ದರು. ತಮ್ಮ ಕೈ ಎಲ್ಲೋ ಜಾರಿ ಏನನ್ನೋ ಮುರಿದಿದೆ, ಪಾಪ, ಹುಡುಗ ಮುಚ್ಚಿಡುತ್ತಿದ್ದಾನೆ, ಎಂದು.

ಬಕೆಟ್ಟನ್ನು ಅಲ್ಲೇ ಬಿಟ್ಟು ಒಳಗೆ ಹೋದೆ. ಅಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದರು. ಪೇಸ್ಟಿನ ವಿಷಯ ಎಲ್ಲ ಹೇಳಿದೆ. ಅದನ್ನು ಒರೆಸಬಾರದಿತ್ತು, ಒರೆಸಿದರೆ ಹೊಸದು ಹಚ್ಚಬೇಕಿತ್ತು, ನನಗೂ ಗೊತ್ತಿರಲಿಲ್ಲ ಎಂದೆ.

"ಅಂಗಾದ್ರೆ ಕೈದಲ್ಲ?"

"ಅಲ್ಲಕ್ಕಾ. ಕೈ ಏನೂ ಮಾಡಿಲ್ಲ."

ಅವರು ಬಲಗೈಯನ್ನು ಸೆರಗಿನಲ್ಲಿ ಒರೆಸಿಕೊಂಡರು. ಸಮಾಧಾನವಾಯಿತು ಎಂದುಕೊಂಡೆ.

"ನಿಂಗ್ಯಾವತ್ತು ಗೊತ್ತಾಯ್ತು?"

"ಅವತ್ತೇ. ಅಂಗ್ಡೀಲಿ."

ಎದ್ದು ನಿಂತರು. ಮೂರು ಭಾಷೆಯೂ ಬರುತ್ತದೆಂದು ನಾನು ತಯಾರಾದೆ. ಬಂದದ್ದು ಕನ್ನಡವೊಂದೇ, ಅದೂ ಮೆಲ್ಲಗೆ.

"ಮೂರು ವಾರ ಈ ಕೈ ನೋಡ್ಕಂಡು ಕೂತಿದ್ದೀನಿ ಕಣ್ಲಾ. ಎಲ್ಲಿ ಜಾರ್ತು, ಎಲ್ಲಿ ಗೀರ್ತು ಅಂತ. ಮೊದ್ಲೇ ಹೋಗಿತ್ತು ಅಂದ್ಯಲ್ಲ, ನಾನ್ ಬಿಚ್ಚೋಕ್ ಮುಂಚೆ ಅರ್ಧ ಗಂಟೆ ಓಡಿತ್ತು, ನಾನ್ ಕಂಡಿಲ್ವಾ? ಗೊತ್ತಿಲ್ದಿದ್ದು ಅಂತ ಹೇಳಿದ್ರೆ ಒಂದಿನದಾಗೆ ಕಲ್ತ್ಕಂತಿದ್ದೆ. ಕೈಯೇ ಹೋದ್ರೆ ಎಲ್ಲಿಂದ ತರ್ಲಿ ನಾನು?"

ನನಗೆ ನಾಚಿಕೆಯಾಯಿತು. ಅವರ ಮನಸ್ಸು ನೋಯದಿರಲಿ ಎಂದು ನಾನು ಸುಳ್ಳು ಹೇಳಿದೆ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಅವರ ಮುಂದೆ ನಿಂತು ಕಷ್ಟದ ಮಾತು ಆಡುವ ತೊಂದರೆ ನನಗೆ ಬೇಡವಾಗಿತ್ತು.

"ಎಲ್ಲೈತೆ ಅದು?" ಎಂದರು.

"ಗುಜ್ರಿಗೆ ಹಾಕ್ದೆ ಅಕ್ಕಾ."

"ನನ್ ಪೀಸ್ನ ಗುಜ್ರಿಗೆ ಹಾಕ್ದ್ಯಾ? ನಡಿ."

ಇಬ್ಬರೂ ಬಸ್ಸು ಹತ್ತಿ ಹೊಸೂರಿಗೆ ಹೋದೆವು. ದಾರಿಯುದ್ದಕ್ಕೂ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತರು. ಗುಜರಿಯವರಿಗೆ ಮೂರು ವಾರದ ಹಿಂದಿನ ಒಂದು ಕಾರ್ಡು ನೆನಪಿರುವುದುಂಟೇ? "ಅಂದ ಮೂಲೈಲ ಪಾರುಮ್ಮಾ" ಎಂದು ಮೂಲೆಯಲ್ಲಿದ್ದ ಎರಡು ಗೋಣಿಚೀಲ ತೋರಿಸಿದರು. ಅಕ್ಕ ತಮಿಳಿ‍ನಲ್ಲಿ ಒಂದು ಹಳೆಯ ಚಾದರ ಕೇಳಿ ಇಸಿದುಕೊಂಡು ನೆಲಕ್ಕೆ ಹಾಸಿದರು. ಚೀಲ ಸುರಿದೆವು. ಒಡೆದ ರೇಡಿಯೋ, ಟಿವಿಯ ಹೊಟ್ಟೆಯೊಳಗಿನ ಬೋರ್ಡುಗಳು, ಒಂದೇ ಬಗೆಯ ಹಸಿರು ಕಾರ್ಡುಗಳು ಹತ್ತಾರು. ನಮ್ಮದು ಯಾವುದೆಂದು ಆಣೆ ಮಾಡಿ ಹೇಳು ಎಂದರೂ ನನ್ನಿಂದ ಆಗುತ್ತಿರಲಿಲ್ಲ. ಅಕ್ಕ ಒಂದೊಂದನ್ನೇ ಎತ್ತಿ, ನೋಡಿ, ಸಾಲಾಗಿ ಪಕ್ಕಕ್ಕೆ ಇಡುತ್ತ ಹೋದರು. ಎರಡನೆಯ ಚೀಲದಲ್ಲಿ ಒಂದನ್ನು ಬೆಳಕಿಗೆ ಹಿಡಿದರು. ನಾಲ್ಕು ಸ್ಕ್ರೂ, ನಾಲ್ಕರ ಗೀರೂ ಒಂದೇ ದಿಕ್ಕಿಗೆ.

"ಇದೇಯ" ಎಂದರು. ಆಗ ಮುಖದಲ್ಲಿ ಒಂದಿಷ್ಟು ನಗು ಬಂತು.

ಆ ಕಂಪ್ಯೂಟರ್ ಅಂಗಡಿಯವನ ಹತ್ತಿರ ಹೋಗಿ ಪೇಸ್ಟಿನ ಟ್ಯೂಬು ಕೊಂಡೆವು. ಎಷ್ಟು ಹಚ್ಚಬೇಕು, ಯಾಕೆ ಅಷ್ಟೇ, ಜಾಸ್ತಿಯಾದರೆ ಏನಾಗುತ್ತದೆ, ಎಲ್ಲಿ ತಾಗಬಾರದು ಎಂದು ಅಕ್ಕ ಅವನನ್ನು ಕಾಲು ಗಂಟೆ ಬಿಡಲಿಲ್ಲ. ಅವನು ಈ ಸಲ ನಗಲಿಲ್ಲ. ಅಕ್ಕಿಕಾಳಿನಷ್ಟು ಸಾಕು ಎಂದ. "ಪಚ್ಚರಿಸಿಯಾ, ಪುಳುಂಗಲಾ?" ಎಂದು ಕೇಳಿದರು, ಹಸಿ ಅಕ್ಕಿಯೋ ಕುಸುಬಲು ಅಕ್ಕಿಯೋ ಎಂದು. ಅಕ್ಕ ತಮಾಷೆ ಮಾಡುತ್ತಿರಲಿಲ್ಲ.

ಮನೆಗೆ ಬಂದು ತಲೆಗೆ ಬಟ್ಟೆ ಕಟ್ಟಿಕೊಂಡರು. ಮೂರು ವಾರದ ಧೂಳು ತೆಗೆದು, ಅಕ್ಕಿಕಾಳಿನಷ್ಟು ಪೇಸ್ಟನ್ನು ಉಸಿರು ಬಿಟ್ಟಾದ ಮೇಲೆ ಇಟ್ಟರು. "ನೋಡ್ಲಾ, ನಾನು ಗಲೀಜು ಅಂದಿದ್ದೇ ಕೆಲ್ಸ ಮಾಡ್ತಿತ್ತು" ಎಂದರು. ಹೊಸ ಕಾರ್ಡನ್ನು ಕಿತ್ತು ಹಳೆಯದನ್ನು ಹಾಕಿದೆವು. ಸತ್ತಿರುತ್ತದೆ ಎಂದೇ ನಾನು ನಂಬಿದ್ದೆ. ಚಿತ್ರ ಬಂತು. ಮೂರು ನಿಮಿಷ ದಾಟಿತು. ಅರ್ಧ ಗಂಟೆ ದಾಟಿತು. ಅಕ್ಕ ಒಂದರ ಹಿಂದೊಂದು ಬಾಟಲಿ ಒಡೆಯುತ್ತಲೇ ಇದ್ದರು, ನಾನು ಡಬ್ಬದ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ಎರಡು ಗಂಟೆಯಾದ ಮೇಲೆ ಭಾವ ಕಣ್ಣುಜ್ಜಿಕೊಳ್ಳುತ್ತ ಮೇಲೆ ಬಂದು, "ಕರೆಂಟು ಹೋಗೈತಾ?" ಎಂದು ಕೇಳಿದರು. ಅಷ್ಟು ಸದ್ದಡಗಿತ್ತು.

ಅಕ್ಕ ಒಂದು ಚೀಟಿ ಹರಿದು ಅಡ್ಡಗೆರೆ ಉದ್ದಗೆರೆ ಎಳೆದರು. ನಂಬರು: ೩೧೨. ದೋಷ: ಬಿಸಿ. ಕಾರಣ ಎಂಬ ಜಾಗದಲ್ಲಿ ಸ್ವಲ್ಪ ಯೋಚಿಸಿ ಬರೆದರು: ಗೊತ್ತಿರಲಿಲ್ಲ. ಕೊನೆಯ ಮನೆ ಚೆಕಿಂಗ್. ಪೆನ್ನನ್ನು ನನ್ನ ಕೈಗೆ ಕೊಟ್ಟರು.

"ಹಾಕು ಸೈನು. ಸುಮ್ನೆ ಅಲ್ಲ, ಮುಟ್ಟಿ ನೋಡಿ ಹಾಕು. ಅವತ್ತು ನೋಡ್ದೇನೇ ರಿಜೆಕ್ಟ್ ಮಾಡಿದ್ಯಲ್ಲ."

ಮುಟ್ಟಿ ನೋಡಿ ಸೈನ್ ಹಾಕಿದೆ. ಕಾರ್ಖಾನೆಯಲ್ಲಿ ದಿನಕ್ಕೆ ನೂರು ಸೈನ್ ಹಾಕುತ್ತಿದ್ದವನು ನಾನು. ಅದರ ಮಾರನೆಯ ದಿನದಿಂದ ಪ್ರತಿ ಪೀಸನ್ನೂ ಕೈಯಲ್ಲಿ ಹಿಡಿದು ನೋಡುವುದು ಅಭ್ಯಾಸವಾಯಿತು. ಚೀಟಿಯನ್ನು ಕಂಪ್ಯೂಟರಿನ ಮುಚ್ಚಳದ ಒಳಬದಿಗೆ ಅಂಟಿಸಿದರು. ಮುಚ್ಚಳವನ್ನು ಮುಚ್ಚಿಸಿಯೂ ಬಿಟ್ಟರು, ಕಳ್ಳೆಪುರಿ ತಟ್ಟೆ ಇನ್ನು ಮೇಲೆ ಅದರ ಮೇಲೆ ಕಂಡರೆ ರೂಮು ಖಾಲಿ ಮಾಡಿಸುತ್ತೇನೆ ಎಂದರು.

ಆಮೇಲೆ ಡಬ್ಬಿ ಬೀರುವಿನ ಮೇಲೆ ಹೋಗಲೇ ಇಲ್ಲ. ಸುತ್ತಮುತ್ತಲ ರೂಮುಗಳ ಬ್ಯಾಚುಲರುಗಳು ನರಳುವ ಫ್ಯಾನು, ಬಿಸಿಯಾಗುವ ಕಾರ್ಡು ಹಿಡಿದು ಬರತೊಡಗಿದರು. ಒಂದು ಇಂಟರ್ನೆಟ್ ಸೆಂಟರಿನವರು ತಿಂಗಳಿಗೊಮ್ಮೆ ಚೀಲದಲ್ಲಿ ತಂದು ಸುರಿಯುತ್ತಿದ್ದರು. ಎಲ್ಲರಿಗೂ ಚೀಟಿ. ಎಲ್ಲರೂ ಚಪ್ಪಲಿ ಹೊರಗೆ ಬಿಡಬೇಕು, ಉಸಿರು ಅತ್ತ ಬಿಡಬೇಕು.

ಮದುವೆಯಾಗಿ ನಾನು ಕೃಷ್ಣಗಿರಿಗೆ ಬಂದೆ. ಮಂಜ ಹೊಸ ಕಾರ್ಡನ್ನು ಇಟ್ಟುಕೊಂಡ, ನಾನು ಹಳೆಯ ಕಾರ್ಡಿನ ಸಮೇತ ಕಂಪ್ಯೂಟರನ್ನು ತಂದೆ. ಹೊರಡುವ ದಿನ ಅಕ್ಕ, "ಕೆಟ್ರೆ ಕಂಡೋರ ಕೈಗೆ ಕೊಡ್ಬೇಡ. ನಂತಾವ್ಕೇ ತತ್ತಾ" ಎಂದಿದ್ದರು. ತರುತ್ತೇನೆ ಎಂದಿದ್ದೆ. ಅದು ಕೆಡಲಿಲ್ಲ, ನಾನೂ ಹೋಗಲಿಲ್ಲ. ಹೊಸೂರು ಎಷ್ಟು ದೂರ? ಬಸ್ಸಿನಲ್ಲಿ ಒಂದೂವರೆ ಗಂಟೆ. ಅಷ್ಟು ಹತ್ತಿರದವರನ್ನು ಯಾವಾಗ ಬೇಕಾದರೂ ನೋಡಬಹುದೆಂದು ಬಿಟ್ಟುಬಿಡುತ್ತೇವೆ. ಜ್ವರವೆಂದು ಮಲಗಿದ ಅಕ್ಕ ಎಂಟೇ ದಿನಕ್ಕೆ ಹೋಗಿಬಿಟ್ಟರು. ಮಂಜ ಫೋನ್ ಮಾಡಿ ಹೇಳಿದ. ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಭಾವ ಬಾಗಿಲಲ್ಲಿ ಕೂತಿದ್ದರು, ಕನ್ನಡಕದ ಒಂದು ಕಡ್ಡಿಯನ್ನು ದಾರದಲ್ಲಿ ಕಟ್ಟಿಕೊಂಡಿದ್ದರು. ಅದನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ.

ಹೋದ ಭಾನುವಾರ ಮಧ್ಯಾಹ್ನ ಕಂಪ್ಯೂಟರು ನರಳಿತು. ಒಂದು ಸುತ್ತಿಗೆ ಒಂದು ಸಲ ಉಜ್ಜುವ ಸದ್ದು. ಅಕ್ಕನ ಹತ್ತಿರ ತೆಗೆದುಕೊಂಡು ಹೋಗಬೇಕು ಎಂದು ವೈರು ಕೀಳುವುದಕ್ಕೆ ಕೈ ಹಾಕಿಯೇಬಿಟ್ಟಿದ್ದೆ. ಆಮೇಲೆ ನೆನಪಾಯಿತು.

ಹೆಂಡತಿಯ ಹೊಲಿಗೆ ಮೆಷಿನ್ನಿನ ಎಣ್ಣೆ ತಗೊಂಡೆ, ಒಂದು ಸೂಜಿ ತಗೊಂಡೆ. ಚಪ್ಪಲಿ ಹೊರಗೆ ಬಿಟ್ಟು, ತಲೆಗೆ ಕರ್ಚೀಫು ಕಟ್ಟಿಕೊಂಡೆ. ಹೆಂಡತಿ ನಕ್ಕಳು. ಅತ್ತ ನಿಂತುಕೋ ಎಂದೆ. ಮುಚ್ಚಳ ತೆಗೆದರೆ ಒಳಗೆ ಅಕ್ಕನ ಚೀಟಿ, ದುಂಡು ದುಂಡು ಅಕ್ಷರ. ಸೂಜಿಯ ತುದಿಗೆ ಎಣ್ಣೆ ತಗೊಂಡೆ. ಉಸಿರನ್ನು ಪೂರ್ತಿ ಬಿಟ್ಟೆ. ಅಲ್ಲಿ ಒಂದು ಚೂರು ಜಾಗ ಇತ್ತು, ಅವರು ಹೇಳಿದ್ದ ಹಾಗೇ. ಎಣ್ಣೆ ಇಟ್ಟೆ. ಸ್ಕ್ರೂಗಳನ್ನು ಹಾಕಿ, ಗೀರುಗಳನ್ನು ಒಂದೇ ದಿಕ್ಕಿಗೆ ತಿರುಗಿಸುವುದಕ್ಕೆ ನನಗೆ ಇಪ್ಪತ್ತು ನಿಮಿಷ ಹಿಡಿಯಿತು. ಸದ್ದು ಹೋಯಿತು. ಪೂರ್ತಿ ಹೋಗಲಿಲ್ಲ, ಕಿವಿಯಿಟ್ಟರೆ ಸಣ್ಣಗೆ ಕೇಳಿಸುತ್ತದೆ.

ಚೀಟಿಯಲ್ಲಿ ಅಕ್ಕನ ಸಾಲಿನ ಕೆಳಗೆ ಇನ್ನೊಂದು ಸಾಲು ಎಳೆದೆ. ನಂಬರಿನ ಜಾಗದಲ್ಲಿ ನನ್ನ ಕಾರ್ಖಾನೆಯ ಟೋಕನ್ ನಂಬರು ಬರೆದೆ. ದೋಷ: ಸದ್ದು. ಕಾರಣ: ಎಣ್ಣೆ ಒಣಗಿತ್ತು. ಚೆಕಿಂಗ್ ಎನ್ನುವ ಮನೆಗೆ ಬಂದು ಪೆನ್ನು ನಿಂತಿತು. ನನ್ನ ಕೆಲಸಕ್ಕೆ ನಾನೇ ಸೈನ್ ಹಾಕಿಕೊಂಡರೆ, ಅದು ಅಕ್ಕನಿಗೆ ನಾನು ಹೇಳುವ ಎರಡನೆಯ ಸುಳ್ಳಾಗುತ್ತದೆ. ಆ ಮನೆಯನ್ನು ಖಾಲಿ ಬಿಟ್ಟು ಮುಚ್ಚಳ ಹಾಕಿದೆ.